ಕೆಂಪು ಡಬ್ಬಿಯೋ, ನೀಲಿ ಡಬ್ಬಿಯೋ? ಮಾಮಾ ಕೊಟ್ಟ ಡಿಸ್ಕುಗಳ ಲೆಕ್ಕ

ಪ್ರಶ್ನೆ: ನಮ್ಮ ಸೋದರಮಾವ ಬಹಳ ವರ್ಷ ಅಮೆರಿಕದಲ್ಲಿದ್ದು ಈಗ ಕಲಬುರಗಿಗೇ ಬಂದು ನೆಲೆಸಿದ್ದಾರೆ. ಸಾಮಾನು ಬಿಚ್ಚುವಾಗ ನಮಗೆ ಎರಡು ಪ್ಲೇಯರ್ ಕೊಟ್ಟರು. ಒಂದು ತೋಶಿಬಾ ಎಚ್‌ಡಿ ಡಿವಿಡಿ, ಇನ್ನೊಂದು ಬ್ಲೂ-ರೇ. ಜೊತೆಗೆ ಕೆಂಪು ಡಬ್ಬಿಯ 14 ಡಿಸ್ಕು, ನೀಲಿ ಡಬ್ಬಿಯ 30 ಡಿಸ್ಕು. ಪ್ಲಗ್ಗು ಚಪ್ಪಟೆ ಪಿನ್ನಿನದು, ಹಾಗಾಗಿ ಪ್ಲೇಯರುಗಳನ್ನು ಇನ್ನೂ ಹಚ್ಚಿ ನೋಡಿಲ್ಲ. ಡಿಸ್ಕುಗಳನ್ನು ನಮ್ಮ ಹಳೇ ಡಿವಿಡಿ ಪ್ಲೇಯರಿಗೆ ಹಾಕಿದರೆ ಒಂದೂ ಓಡುತ್ತಿಲ್ಲ. ನಮ್ಮದು 43 ಇಂಚಿನ 4ಕೆ ಟಿವಿ, ಸೋಫಾದಿಂದ 9 ಅಡಿ ದೂರ. ಎರಡರಲ್ಲಿ ಯಾವುದರ ಚಿತ್ರ ಚೆನ್ನ, ಯಾವುದನ್ನು ಇಟ್ಟುಕೊಳ್ಳಲಿ? 2009ರ ನಮ್ಮ ಮದುವೆ ಡಿವಿಡಿಯನ್ನು ಇವುಗಳಲ್ಲಿ ಹಾಕಿದರೆ ಚೊಕ್ಕ ಕಾಣುತ್ತದೆಯೇ? ಅಥವಾ ಇವೆಲ್ಲ ಬಿಟ್ಟು ಹೊಸ 4ಕೆ ಪ್ಲೇಯರ್ ತಗೊಳ್ಳಲೇ?
(ಓದುಗರು, ಜೇವರ್ಗಿ ರಸ್ತೆ, ಕಲಬುರಗಿ)

ಉತ್ತರ: ಇನ್ನೂ ಹಚ್ಚಿಲ್ಲ ಅಂದಿರಲ್ಲ, ಪುಣ್ಯ. ಹಚ್ಚಲೇಬೇಡಿ. ಯಾವುದರ ಚಿತ್ರ ಚೆನ್ನ ಅನ್ನುವುದು ಆಮೇಲಿನ ಮಾತು. ಮೊದಲು ಎರಡೂ ಪ್ಲೇಯರುಗಳನ್ನು ತಿರುಗಿಸಿ ಹಿಂಬದಿಯ ಚೀಟಿ ಓದಿ. ಅಲ್ಲಿ ‘100-240 ವೋಲ್ಟ್’ ಅಂತ ಬರೆದಿದ್ದರೆ ಪಿನ್ ಬದಲಿಸಿಕೊಂಡು ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಬಹುದು. ‘120 ವೋಲ್ಟ್, 60 ಹರ್ಟ್ಸ್’ ಅಂತ ಮಾತ್ರ ಇದ್ದರೆ ಅದು ಅಮೆರಿಕದ ಕರೆಂಟಿಗೆ ಮಾಡಿದ್ದು. ನಮ್ಮಲ್ಲಿ ಬರುವುದು 230. ಆ ಕಾಲಕ್ಕೆ ಅಲ್ಲಿ ಮಾರಿದ ಪ್ಲೇಯರುಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವೇ.

ಕೆಲವು ವರ್ಷಗಳ ಹಿಂದೆ ನನ್ನ ರಿಪೇರಿ ಟೇಬಲ್ಲಿಗೆ ಇಂಥದೇ ಒಂದು ಅಮೆರಿಕದ ಪ್ಲೇಯರ್ ಬಂದಿತ್ತು. ತಂದ ಹುಡುಗ ಎಲ್ಲೋ ಒಂದು ಪಿನ್ ಕನ್ವರ್ಟರ್ ತಗೊಂಡು ಚಪ್ಪಟೆ ಪಿನ್ನನ್ನು ದುಂಡು ಮಾಡಿಕೊಂಡಿದ್ದ. ಪಿನ್ನೇನೋ ದುಂಡಗಾಯಿತು, ಕರೆಂಟು 230 ಹಾಗೇ ಉಳಿಯಿತು. ಮುಚ್ಚಳ ತೆಗೆದರೆ ಒಣಮೀನಿನಂಥ ವಾಸನೆ. ದೊಡ್ಡ ಕೆಪಾಸಿಟರಿನ ತಲೆ ಉಬ್ಬಿ ಸೀಳಿತ್ತು. ಪಕ್ಕದ ಫ್ಯೂಸಿನ ಗಾಜು ಒಳಗಿನಿಂದ ಕಪ್ಪಾಗಿತ್ತು. “ಏನ್ ಮಾಡ್ಲಿರಿ ಇದನ್ನ, ಗುಜರಿಗೆ ಹಾಕ್ಲೇನ್ರಿ?” ಅಂದ. ಆ ಬೋರ್ಡ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಗುಜರಿಗೇ ಹೋಯಿತು.

ನಿಮಗೆ ಬೇಕಾದದ್ದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್. 230 ವೋಲ್ಟನ್ನು 110ಕ್ಕೆ ಇಳಿಸುವ, ಸಣ್ಣದಿದ್ದರೂ ಕೈಗೆ ಭಾರ ಅನ್ನಿಸುವ ಪೆಟ್ಟಿಗೆ. ಅಂಗಡಿಯಲ್ಲಿ ‘ಸ್ಟೆಬಿಲೈಜರ್ ಕೊಡಲೇ’ ಅಂದರೆ ಬೇಡ ಅನ್ನಿ. ಅದರ ಕೆಲಸ ಬೇರೆ, ಅದು 230ರ ಸುತ್ತಮುತ್ತ ಹಿಡಿದಿಡುತ್ತದೆ ಅಷ್ಟೇ. ಪ್ಲೇಯರಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಇದೆಯೋ ಅದರ ಎರಡರಷ್ಟು ತಾಳುವ ಟ್ರಾನ್ಸ್‌ಫಾರ್ಮರ್ ಕೇಳಿ. 60ರ ಬದಲು 50 ಹರ್ಟ್ಸ್ ಬರುತ್ತದಲ್ಲ ಅಂತ ಚಿಂತೆ ಬೇಡ. ಈ ಪ್ಲೇಯರುಗಳ ಪವರ್ ಸಪ್ಲೈಗೆ ಅದೇನೂ ಲೆಕ್ಕವಿಲ್ಲ.

ಇನ್ನು ಡಿಸ್ಕುಗಳು ನಿಮ್ಮ ಹಳೇ ಪ್ಲೇಯರಿನಲ್ಲಿ ಯಾಕೆ ಓಡಲಿಲ್ಲ? ನಮ್ಮೂರಲ್ಲಿ ದುಂಡಗೆ ಹೊಳೆಯುವುದೆಲ್ಲ ‘ಸಿಡಿ’ಯೇ. ಸಿಡಿ, ಡಿವಿಡಿ, ಎಚ್‌ಡಿ ಡಿವಿಡಿ, ಬ್ಲೂ-ರೇ ಎಲ್ಲದರ ಅಗಲವೂ 12 ಸೆಂಟಿಮೀಟರ್. ಕೈಯಲ್ಲಿ ಹಿಡಿದರೆ ಫರಕು ಗೊತ್ತಾಗುವುದಿಲ್ಲ. ಫರಕು ಇರುವುದು ಬಿತ್ತನೆಯಲ್ಲಿ. ಡಿಸ್ಕಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳ ಸಾಲು ಸುತ್ತಿಕೊಂಡು ಹೋಗಿರುತ್ತದೆ. ನಮ್ಮ ಹೊಲಗಳನ್ನೇ ನೋಡಿ, ತೊಗರಿ ಸಾಲು ದೂರ ದೂರ, ಜೋಳದ ಸಾಲು ಹತ್ತಿರ. ಅದೇ ಒಂದು ಎಕರೆ, ಆದರೆ ಸಾಲುಗಳ ಎಣಿಕೆ ಬೇರೆ. ಡಿವಿಡಿಯಲ್ಲಿ ಸಾಲಿನಿಂದ ಸಾಲಿಗೆ 0.74 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮುಕ್ಕಾಲು. ಎಚ್‌ಡಿ ಡಿವಿಡಿಯಲ್ಲಿ 0.40. ಬ್ಲೂ-ರೇಯಲ್ಲಿ 0.32.

ಇಷ್ಟು ಒತ್ತಾಗಿ ಬಿತ್ತಿದ್ದನ್ನು ಓದಲು ಡಿವಿಡಿಯ ಕೆಂಪು ಲೇಸರ್ ಸಾಲದು. ಅದರ ಅಲೆಯುದ್ದ 650 ನ್ಯಾನೊಮೀಟರ್. ದಪ್ಪ ಬೆರಳಿಟ್ಟು ಸಣ್ಣ ಅಕ್ಷರ ಓದಿದ ಹಾಗೆ, ಪಕ್ಕದ ಸಾಲೂ ಬೆರಳಡಿ ಬಂದುಬಿಡುತ್ತದೆ. ಎಚ್‌ಡಿ ಡಿವಿಡಿಗೂ ಬ್ಲೂ-ರೇಗೂ 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್ ಬೇಕು. ನಿಮ್ಮ ಹಳೇ ಪ್ಲೇಯರಿನಲ್ಲಿ ಅದು ಇಲ್ಲವೇ ಇಲ್ಲ.

ಎರಡಕ್ಕೂ ಲೇಸರ್ ಒಂದೇ ಅಂದ ಮೇಲೆ ಇದರ ಡಿಸ್ಕು ಅದರಲ್ಲಿ ಯಾಕೆ ಓಡಬಾರದು ಅಂತ ಅನ್ನಿಸಬಹುದು. ಈ ಎರಡು ಡಿಸ್ಕು ಮಾಡಿದ ಕಂಪನಿಗಳ ನಡುವಿನ ಇಡೀ ಜಗಳ ಇದ್ದದ್ದೇ ಇಲ್ಲಿ. ಡಿಸ್ಕಿನ ಒಟ್ಟು ದಪ್ಪ 1.2 ಮಿಲಿಮೀಟರ್. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಸರಿಯಾಗಿ ಮಧ್ಯದಲ್ಲಿದೆ, ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗೆ. ಡಿವಿಡಿಯಲ್ಲೂ ಹಾಗೇ. ಹಾಗಾಗಿ ಹಳೇ ಡಿವಿಡಿ ಕಾರ್ಖಾನೆಯ ಯಂತ್ರಗಳನ್ನೇ ಸ್ವಲ್ಪ ತಿದ್ದಿಕೊಂಡು ಎಚ್‌ಡಿ ಡಿವಿಡಿ ಅಚ್ಚು ಹಾಕಬಹುದಿತ್ತು. ತೋಶಿಬಾ ಹಿಡಿದ ವಾದವೂ ಅದೇ, ಖರ್ಚು ಕಡಿಮೆ. ಬ್ಲೂ-ರೇಯವರು ಪದರವನ್ನು ಮೇಲ್ಮೈಯ ಹತ್ತಿರಕ್ಕೆ, ಬರೀ 0.1 ಮಿಲಿಮೀಟರ್ ಆಳಕ್ಕೆ ತಂದರು. ಲೆನ್ಸನ್ನು ಇನ್ನೂ ಚೂಪಾಗಿ ಗುರಿಯಿಡುವಂತೆ ಮಾಡಿದರು. ಇದಕ್ಕೆ ಹೊಸ ಯಂತ್ರಗಳೇ ಬೇಕಾದವು. ಮೇಲ್ಮೈ ಗೀರಿದರೆ ಮಾಹಿತಿಗೇ ಪೆಟ್ಟು ಅನ್ನುವ ಭಯಕ್ಕೆ ಗಟ್ಟಿ ಲೇಪವನ್ನೂ ಹಚ್ಚಬೇಕಾಯಿತು. ಆದರೆ ಜಾಗ ಜಾಸ್ತಿ ಸಿಕ್ಕಿತು. ಎಚ್‌ಡಿ ಡಿವಿಡಿಯಲ್ಲಿ ಒಂದು ಪದರಕ್ಕೆ 15 ಜಿಬಿ, ಎರಡಕ್ಕೆ 30. ಬ್ಲೂ-ರೇಯಲ್ಲಿ 25 ಮತ್ತು 50. ಡಿವಿಡಿಯಲ್ಲಿ ಇದ್ದದ್ದು 4.7 ಮತ್ತು 8.5 ಅಂತ ನೆನಪಿಸಿಕೊಂಡರೆ ಎರಡೂ ಎಂಥ ನೆಗೆತ ಅಂತ ಗೊತ್ತಾಗುತ್ತದೆ.

ನೀಲಿ ಲೇಸರ್ ಅಂದಾಗೆಲ್ಲ ನನಗೆ ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಾಮುರಾ ನೆನಪಾಗುತ್ತಾರೆ. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೊಬ್ಬರು. ನೀಲಿ ಲೇಸರಿನ ಕೆಲಸದಲ್ಲೂ ಅವರೇ ಮುಂದು. ಅವರಿಲ್ಲದಿದ್ದರೆ ನಿಮ್ಮ ಮಾಮಾ ಅವರ ಎರಡೂ ಪೆಟ್ಟಿಗೆಗೆ ಕಣ್ಣೇ ಇರುತ್ತಿರಲಿಲ್ಲ ಅನ್ನಿ.

ಯುದ್ಧ ನಡೆದದ್ದು ಎರಡೇ ವರ್ಷ. ಎಚ್‌ಡಿ ಡಿವಿಡಿ 2006ರ ಮಾರ್ಚ್ ಕೊನೆಗೆ ಜಪಾನಿನಲ್ಲಿ, ಏಪ್ರಿಲಿನಲ್ಲಿ ಅಮೆರಿಕದಲ್ಲಿ ಬಂತು. ಬ್ಲೂ-ರೇ ಅದೇ ಜೂನಿನಲ್ಲಿ. ತೋಶಿಬಾದ ಮೊದಲ ಪ್ಲೇಯರಿಗೆ 499 ಡಾಲರ್, ಸ್ಯಾಮ್‌ಸಂಗಿನ ಮೊದಲ ಬ್ಲೂ-ರೇಗೆ 999. ತೋಶಿಬಾದ ಆ ಮೊದಲ ಪೆಟ್ಟಿಗೆಯೊಳಗೆ ಇದ್ದದ್ದು ಪೆಂಟಿಯಮ್ 4 ಚಿಪ್ಪಿನ ಪೂರಾ ಒಂದು ಕಂಪ್ಯೂಟರ್. ಆನ್ ಮಾಡಿ ಒಳಗೆ ಹೋಗಿ ಚಹಾ ಸೋಸಿಕೊಂಡು ಬಂದರೆ ಅಷ್ಟೊತ್ತಿಗೆ ಚಿತ್ರ ಬರುತ್ತಿತ್ತು. ನಿಮಗೆ ಕೊಟ್ಟದ್ದು ಅದೇ ಮಾಡೆಲ್ ಆಗಿದ್ದರೆ ‘ಕೆಟ್ಟಿದೆ’ ಅಂತ ಗಡಿಬಿಡಿ ಮಾಡಬೇಡಿ, ಒಂದು ನಿಮಿಷ ಕಾಯಿರಿ.

ಸೋನಿ, ಪ್ಯಾನಸೋನಿಕ್, ಫಿಲಿಪ್ಸ್, ಸ್ಯಾಮ್‌ಸಂಗ್ ಬ್ಲೂ-ರೇ ಕಡೆ. ತೋಶಿಬಾ, ಎನ್‌ಇಸಿ, ಮೈಕ್ರೋಸಾಫ್ಟ್ ಎಚ್‌ಡಿ ಡಿವಿಡಿ ಕಡೆ. ಸಿನಿಮಾ ಕಂಪನಿಗಳೂ ಹಂಚಿಹೋದವು. ಡಿಸ್ನಿ, ಫಾಕ್ಸ್ ನೀಲಿ ಡಬ್ಬಿ, ಯೂನಿವರ್ಸಲ್ ಕೆಂಪು ಡಬ್ಬಿ, ವಾರ್ನರ್ ಎರಡೂ. ಪ್ಯಾರಾಮೌಂಟ್ ಮೊದಲು ಎರಡರಲ್ಲೂ ಇದ್ದು, 2007ರ ಆಗಸ್ಟಿನಲ್ಲಿ ಕೆಂಪಿನ ಕಡೆಗೇ ಹೋಯಿತು. ಸೋನಿ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3ರೊಳಗೆ ಬ್ಲೂ-ರೇ ಕೂಡಿಸಿ ಮಾರಿತು. ಆಟಕ್ಕೆಂದು ಕೊಂಡವರ ಮನೆಯಲ್ಲೆಲ್ಲ ಒಂದೊಂದು ಬ್ಲೂ-ರೇ ಪ್ಲೇಯರ್ ಕೂತುಬಿಟ್ಟಿತು. ಮೈಕ್ರೋಸಾಫ್ಟ್ ಎಚ್‌ಡಿ ಡಿವಿಡಿ ಡ್ರೈವನ್ನು ಎಕ್ಸ್‌ಬಾಕ್ಸ್ 360ಕ್ಕೆ ಬೇರೆಯಾಗಿ ದುಡ್ಡು ಕೊಟ್ಟು ಹಚ್ಚಿಕೊಳ್ಳುವ ಸಾಮಾನು ಮಾಡಿತು. ನನ್ನ ಪ್ರಕಾರ ಆಟ ಮುಗಿದದ್ದು ಅಲ್ಲಿಯೇ. 2008ರ ಜನವರಿ 4ರಂದು ವಾರ್ನರ್ ‘ಇನ್ನು ಬ್ಲೂ-ರೇ ಮಾತ್ರ’ ಅಂದಿತು. ಫೆಬ್ರುವರಿ 19ರಂದು ತೋಶಿಬಾ ಕೈಚೆಲ್ಲಿತು. ಮರುವರ್ಷ ತೋಶಿಬಾವೇ ಬ್ಲೂ-ರೇ ಕೂಟ ಸೇರಿಕೊಂಡಿತು! ಬಹುಶಃ ನಿಮ್ಮ ಮಾಮಾ ಅವರೂ ಮೊದಲು ಅಗ್ಗಕ್ಕೆ ಸಿಕ್ಕಿತೆಂದು ಕೆಂಪು ತಗೊಂಡು, ಆಮೇಲೆ ನೀಲಿಗೆ ಬಂದಿರಬೇಕು. 2007ರ ಕೊನೆಗೆ ಅಲ್ಲಿ ಎಚ್‌ಡಿ ಡಿವಿಡಿ ಪ್ಲೇಯರನ್ನು ನೂರು ಡಾಲರಿಗೂ ಕಡಿಮೆಗೆ ಕೊಟ್ಟಿದ್ದರು.

ಈಗ ನಿಮ್ಮ ಅಸಲು ಪ್ರಶ್ನೆ, ಯಾವುದರ ಚಿತ್ರ ಚೆನ್ನ? ಫರಕು ಇಲ್ಲ ಅನ್ನುವಷ್ಟು ಕಡಿಮೆ. ಎರಡರಲ್ಲೂ ಚಿತ್ರ 1920 ಅಡ್ಡ, 1080 ಉದ್ದ ಚುಕ್ಕಿಗಳದು. ಒತ್ತಿ ತುಂಬುವ ವಿಧಾನಗಳೂ ಅವೇ ಮೂರು, ಎಂಪೆಗ್-2, ವಿಸಿ-1, ಎಚ್.264. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಮಾಹಿತಿ ಕೊಡಬಹುದು, ಎಚ್‌ಡಿ ಡಿವಿಡಿಯಲ್ಲಿ 30ರ ಹತ್ತಿರ. ಕಾಗದದ ಮೇಲೆ ಇದು ದೊಡ್ಡ ಅಂತರ. ಆದರೆ ವಾರ್ನರ್ ಬಹಳಷ್ಟು ಸಿನಿಮಾಗಳಿಗೆ ಒಂದೇ ಸಲ ಚಿತ್ರ ಸಿದ್ಧಮಾಡಿ ಅದನ್ನೇ ಎರಡೂ ಡಿಸ್ಕಿಗೆ ಹಾಕಿತು. ಅಂಥ ಸಿನಿಮಾಗಳಲ್ಲಿ ಕೆಂಪು, ನೀಲಿ ಎರಡನ್ನೂ ಅಕ್ಕಪಕ್ಕ ಇಟ್ಟರೂ ಯಾವುದು ಯಾವುದು ಅಂತ ಹೇಳಲಾಗದು. ಅಂತರ ಬಂದದ್ದು ಹೆಚ್ಚಾಗಿ ಧ್ವನಿಯಲ್ಲಿ. ಜಾಗ ಜಾಸ್ತಿ ಇದ್ದ ಬ್ಲೂ-ರೇಯಲ್ಲಿ ಏನೂ ಕತ್ತರಿಸದ ಪೂರಾ ಧ್ವನಿಯನ್ನು ಧಾರಾಳವಾಗಿ ಹಾಕಿದರು. ಟಿವಿಯ ಸಣ್ಣ ಸ್ಪೀಕರಿನಲ್ಲಿ ಕೇಳುವವರಿಗೆ ಅದೂ ತಿಳಿಯದು ಬಿಡಿ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಎರಡನ್ನೂ. ಆದರೆ ದುಡ್ಡು ಹಾಕುವುದಾದರೆ ಬ್ಲೂ-ರೇಗೆ ಮಾತ್ರ. ಎಚ್‌ಡಿ ಡಿವಿಡಿಗೆ 2008ರಿಂದ ಹೊಸ ಸಿನಿಮಾ ಇಲ್ಲ, ಬಿಡಿಭಾಗ ಇಲ್ಲ. ಹೆಡ್ ಹೋಯಿತೆಂದರೆ, ಅಂದರೆ ಲೇಸರ್ ಮತ್ತು ಲೆನ್ಸಿನ ಆ ಜೋಡಿ ದಣಿಯಿತೆಂದರೆ, ನಮ್ಮಂಥವರ ಹತ್ತಿರ ಬದಲಿ ಇರುವುದಿಲ್ಲ. ನನ್ನ ಅಂಗಡಿಗೆ ಇಷ್ಟು ವರ್ಷದಲ್ಲಿ ರಿಪೇರಿಗೆಂದು ಬಂದ ಎಚ್‌ಡಿ ಡಿವಿಡಿ ಪ್ಲೇಯರು ಒಂದೂ ಇಲ್ಲ. ಓಡುವ ತನಕ 14 ಡಿಸ್ಕು ನೋಡಿ. ಅವುಗಳಲ್ಲಿ ಕೆಲವಕ್ಕೆ ಎರಡೂ ಬದಿ ಹೊಳಪಿದ್ದು ಚಿತ್ರದ ಲೇಬಲ್ಲೇ ಇಲ್ಲದಿರಬಹುದು. ಅವು ಕಾಂಬೊ ಡಿಸ್ಕುಗಳು. ಒಂದು ಬದಿ ಎಚ್‌ಡಿ ಡಿವಿಡಿ, ಮಗುಚಿ ಹಾಕಿದರೆ ಅದೇ ಸಿನಿಮಾದ ಸಾದಾ ಡಿವಿಡಿ. ಪ್ಲೇಯರ್ ಸತ್ತರೂ ಆ ಬದಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಗಂಟು ಇದೆ, ರೀಜನ್. ಬ್ಲೂ-ರೇಗೆ ಪ್ರಪಂಚವನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದಾರೆ. ಅಮೆರಿಕ ಎ, ನಾವು ಸಿ. ನಿಮ್ಮ ಮಾಮಾ ಅವರ ಪ್ಲೇಯರೂ ಎ, ಅವರ ಡಿಸ್ಕುಗಳೂ ಎ, ಹಾಗಾಗಿ ಗಂಡಹೆಂಡತಿ ಹೊಂದಾಣಿಕೆ ಚೆನ್ನಾಗಿದೆ. ಹಳೇದು ಬೇಡ ಅಂತ ಇಲ್ಲಿಯ ಹೊಸ ಬ್ಲೂ-ರೇ ಪ್ಲೇಯರ್ ತಂದಿರೋ, ಎ ಬೀಗ ಹಾಕಿದ ಡಿಸ್ಕುಗಳು ಅದರಲ್ಲಿ ಓಡುವುದಿಲ್ಲ. ಎಲ್ಲ ಡಿಸ್ಕಿಗೂ ಬೀಗ ಇರುವುದಿಲ್ಲ. ಡಬ್ಬಿಯ ಹಿಂದೆ ಎ, ಬಿ, ಸಿ ಅಕ್ಷರದ ಪುಟ್ಟ ಗುರುತು ಇರುತ್ತದೆ, ಮೂರೂ ಇದ್ದರೆ ಎಲ್ಲಿ ಬೇಕಾದರೂ ಓಡುತ್ತದೆ. ಎಚ್‌ಡಿ ಡಿವಿಡಿಗೆ ಈ ರೀಜನ್ ಕಿರಿಕಿರಿಯೇ ಇರಲಿಲ್ಲ. ಅದರ ಬಗ್ಗೆ ನನಗೆ ಮೆಚ್ಚುಗೆ ಇದ್ದರೆ ಈ ಒಂದು ಕಾರಣಕ್ಕೆ. ಸಾದಾ ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಅಲ್ಲಿಯ ಪ್ಲೇಯರಿಗೆ ನಮ್ಮ 5ರ ಡಿಸ್ಕು ಹಾಕಿದರೆ ಮುಖ ತಿರುಗಿಸುತ್ತದೆ. ನೀವು ಹಾಕಿ ನೋಡಿದ ಹಳೇ ಡಿವಿಡಿ ಪ್ಲೇಯರನ್ನು ಅದಕ್ಕೇ ಬಿಸಾಡಬೇಡಿ. ನಮ್ಮ ಕಡೆಯ ಅಗ್ಗದ ಪ್ಲೇಯರುಗಳು ಯಾವ ರೀಜನ್ ಕೊಟ್ಟರೂ ಸಾಮಾನ್ಯವಾಗಿ ನುಂಗುತ್ತವೆ.

ಈಗ ಟೇಪು ತಗೊಳ್ಳಿ. ಟೈಲರ್ ಟೇಪಾದರೂ ಸರಿ, ಗೌಂಡಿಯದ್ದಾದರೂ ಸರಿ. ಸೋಫಾದಲ್ಲಿ ಕೂತವರ ಕಣ್ಣಿನಿಂದ ಟಿವಿ ಗಾಜಿಗೆ ಎಷ್ಟು ಅಡಿ, ಅದರ ಮೇಲೆ ನಿಂತಿದೆ ಎಲ್ಲ. 43 ಇಂಚಿನ ಟಿವಿಯ ಎತ್ತರ ಸುಮಾರು 53 ಸೆಂಟಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು 9 ಅಡಿ ದೂರದಿಂದ ಅಷ್ಟು ಎತ್ತರದಲ್ಲಿ ಬಿಡಿಬಿಡಿಯಾಗಿ ಗುರುತಿಸಬಲ್ಲದ್ದು ಸುಮಾರು 670 ಗೆರೆ. ಪಾಲ್ ಅನ್ನುವ ನಮ್ಮ ಕಡೆಯ ಟಿವಿ ಪದ್ಧತಿಯ ಡಿವಿಡಿಯಲ್ಲಿ 576 ಗೆರೆ, ಅಮೆರಿಕದ ಡಿವಿಡಿಯಲ್ಲಿ 480. ಬ್ಲೂ-ರೇಯಲ್ಲಿ 1080. ಅಂದರೆ ನಿಮ್ಮ ಸೋಫಾದಲ್ಲಿ ಕೂತರೆ ಬ್ಲೂ-ರೇ ಡಿವಿಡಿಗಿಂತ ಚೊಕ್ಕ ಕಾಣುತ್ತದೆ, ಆದರೆ ಅದರ ಅರ್ಧ ಬೆಲೆ ದಾರಿಯಲ್ಲೇ ಸೋರಿಹೋಗುತ್ತದೆ. ಒಂದು ಕುರ್ಚಿ ಎಳೆದುಕೊಂಡು 6 ಅಡಿಗೆ ಬನ್ನಿ. ಈಗ ಕಣ್ಣಿಗೆ ಸಾವಿರ ಗೆರೆ ದಕ್ಕುತ್ತವೆ. ಮುಖದ ಮೇಲಿನ ಬೆವರು, ಸೀರೆಯ ಅಂಚಿನ ಎಳೆ, ದೂರದ ಬೋರ್ಡಿನ ಅಕ್ಷರ, ಎಲ್ಲ ಎದ್ದು ಬರುತ್ತವೆ. ಹೊಸ ಪ್ಲೇಯರಿಗೆ ಒಂದು ಪೈಸೆ ಹಾಕುವ ಮೊದಲು ಈ ಪರೀಕ್ಷೆ ಮಾಡಿ. ಕುರ್ಚಿಗೆ ದುಡ್ಡು ಬೀಳುವುದಿಲ್ಲ.

ಗೆರೆಗಳ ಲೆಕ್ಕಕ್ಕೆ ಸಿಗದ ಒಂದು ಮಾತೂ ಇದೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಪಾಲ್ ಡಿವಿಡಿ ಓಡುವುದು 25ರಲ್ಲಿ. ಹಾಗಾಗಿ ಪಾಲ್ ಡಿವಿಡಿಗೆ ಇಳಿಸುವಾಗ ಸಿನಿಮಾವನ್ನು ಶೇ 4ರಷ್ಟು ಜೋರಾಗಿ ಓಡಿಸುತ್ತಾರೆ. ಎರಡೂವರೆ ತಾಸಿನ ಸಿನಿಮಾ 6 ನಿಮಿಷ ಮೊದಲೇ ಮುಗಿದಿರುತ್ತದೆ! ಹಾಡಿನ ಶ್ರುತಿಯೂ ಒಂದು ಚೂರು ಮೇಲೇರಿರುತ್ತದೆ. ಹಾರ್ಮೋನಿಯಂ ಹಿಡಿದು ಕೂರುವವರಿಗೆ ಇದು ತಕ್ಷಣ ತಿಳಿಯುತ್ತದೆ. ಬ್ಲೂ-ರೇ, ಎಚ್‌ಡಿ ಡಿವಿಡಿ ಎರಡೂ 24ನ್ನು 24 ಆಗಿಯೇ ಇಟ್ಟುಕೊಳ್ಳುತ್ತವೆ.

ಮದುವೆ ಡಿವಿಡಿ ವಿಷಯಕ್ಕೆ ಬರೋಣ. ಪತ್ರದಲ್ಲಿ ನಿಮ್ಮ ಮನಸ್ಸು ಇದ್ದದ್ದು ಇಲ್ಲೇ ಅಂತ ನನ್ನ ಗುಮಾನಿ.

ಮೊದಲ ತೊಡಕು, ಅದು ಆ ಪ್ಲೇಯರುಗಳಲ್ಲಿ ಓಡದೇ ಇರಬಹುದು. ಮನೆಯಲ್ಲಿ ಬರೆದ ಡಿಸ್ಕಿಗೆ ರೀಜನ್ ಬೀಗ ಇರುವುದಿಲ್ಲ, ನಿಜ. ಆದರೆ ಇಲ್ಲಿಯ ವಿಡಿಯೊ ಶೂಟಿಂಗಿನವರು ಮಾಡಿಕೊಡುವುದು ಪಾಲ್ ಡಿಸ್ಕು. ಅಮೆರಿಕದ ಬಹಳಷ್ಟು ಪ್ಲೇಯರುಗಳಿಗೆ ಪಾಲ್ ಬರುವುದಿಲ್ಲ. ಓಡದಿದ್ದರೆ ಡಿಸ್ಕು ಕೆಟ್ಟಿತು ಅಂತ ಗಾಬರಿಯಾಗಬೇಡಿ, ನಿಮ್ಮ ಹಳೇ ಪ್ಲೇಯರಿಗೆ ಹಾಕಿ ನೋಡಿ.

ಓಡಿತು ಅಂತಲೇ ಇಟ್ಟುಕೊಳ್ಳಿ. ಪ್ಲೇಯರು 576 ಗೆರೆಗಳನ್ನು 1080ಕ್ಕೆ ಹಿಗ್ಗಿಸುತ್ತದೆ. ತೋಶಿಬಾದ ಎಚ್‌ಡಿ ಡಿವಿಡಿ ಪ್ಲೇಯರುಗಳಿಗೆ ಈ ಕೆಲಸದಲ್ಲಿ ಒಳ್ಳೆ ಹೆಸರೂ ಇತ್ತು. ಅಂಚುಗಳು ನಯವಾಗುತ್ತವೆ, ಅಷ್ಟೇ. ಕ್ಯಾಮೆರಾ ಹಿಡಿಯದೇ ಹೋದ ಜರಿಯ ಎಳೆಯನ್ನು ಯಾವ ಪ್ಲೇಯರೂ ನೇಯ್ದು ಕೊಡುವುದಿಲ್ಲ.

ಮದುವೆ ಡಿವಿಡಿಗಳನ್ನು ನಾನು ನೂರಾರು ನೋಡಿದ್ದೇನೆ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಚಿತ್ರ ಒಡೆಯುತ್ತದೆ, ಅಕ್ಕಿಕಾಳು ಬೀಳುವ ಹೊತ್ತಿಗೆ. ಅಲ್ಲಿಯವರೆಗೆ ಚೆನ್ನಾಗಿದ್ದದ್ದು, ಬ್ಯಾಂಡು ಜೋರಾಗಿ, ಎಲ್ಲರ ಕೈ ಮೇಲೇರಿ, ಅರಿಶಿನದ ಅಕ್ಕಿ ಹಾರಿತೆಂದರೆ ಸಾಕು, ಪರದೆ ತುಂಬ ಚೌಕ ಚೌಕ. ವಧುವರರ ಮುಖವೇ ಬಿಲ್ಲೆಬಿಲ್ಲೆಯಾಗಿ ಹೋಗುತ್ತದೆ. ಕಾರಣ ಸರಳ. ಚಿತ್ರದಲ್ಲಿ ಅಲುಗಾಡುವುದು ಎಷ್ಟು ಜಾಸ್ತಿಯೋ ಅಷ್ಟು ಜಾಸ್ತಿ ಮಾಹಿತಿ ಬೇಕು. ಸಾವಿರ ಅಕ್ಕಿಕಾಳು ಸಾವಿರ ದಿಕ್ಕಿಗೆ ಹಾರುವಾಗ ಬೇಕಾದಷ್ಟು ಬೇರೆಲ್ಲೂ ಬೇಡ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ ತನಕ ಕೊಡಬಹುದು. ಆದರೆ ಶೂಟಿಂಗಿನವರು 4.7 ಜಿಬಿಯ ಒಂದೇ ಡಿಸ್ಕಿಗೆ ಅರಿಶಿನ ಶಾಸ್ತ್ರದಿಂದ ಊಟದ ಪಂಕ್ತಿಯವರೆಗೆ ಮೂರು ತಾಸು ತುರುಕಿದ್ದರೆ ಸೆಕೆಂಡಿಗೆ ಸಿಗುವುದು ಮೂರೂವರೆ ಮೆಗಾಬಿಟ್. ಅಷ್ಟರಲ್ಲಿ ಅಕ್ಕಿಕಾಳು ಕಾಣುವುದಿಲ್ಲ, ಬರೀ ಗಲಾಟೆ ಕಾಣುತ್ತದೆ.

ಅದಕ್ಕೇ ನಿಮ್ಮ ಆಶೆ ಇಡಬೇಕಾದದ್ದು ಪ್ಲೇಯರಿನ ಮೇಲಲ್ಲ, ಶೂಟಿಂಗಿನವರ ಕಪಾಟಿನ ಮೇಲೆ. 2009ರಲ್ಲಿ ಮದುವೆಗಳನ್ನು ಹೆಚ್ಚಾಗಿ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದರು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಆ ಕ್ಯಾಸೆಟ್ಟಿನಲ್ಲಿ ಚಿತ್ರಕ್ಕೆ ಸೆಕೆಂಡಿಗೆ 25 ಮೆಗಾಬಿಟ್ ಇರುತ್ತದೆ. ಗೆರೆ ಅವೇ 576, ಆದರೆ ಅಕ್ಕಿಕಾಳು ಒಡೆಯುವುದಿಲ್ಲ. ನಿಮ್ಮ ಅದೃಷ್ಟಕ್ಕೆ ಅವರ ಹತ್ತಿರ ಎಚ್‌ಡಿವಿ ಕ್ಯಾಮೆರಾ ಇದ್ದಿದ್ದರೆ ಅಂಥದೇ ಕ್ಯಾಸೆಟ್ಟಿನಲ್ಲಿ 1080 ಗೆರೆಯ ಚಿತ್ರವೇ ಕೂತಿರುತ್ತದೆ. ಬಹಳಷ್ಟು ಜನ ಆ ಕ್ಯಾಸೆಟ್ಟಿನ ಮೇಲೇ ಮುಂದಿನ ಮದುವೆ ತೆಗೆದು ಅಳಿಸಿಬಿಟ್ಟಿದ್ದಾರೆ. ಆದರೂ ಕೇಳಿ. ಹಳೇ ಸಾಮಾನು ಬಿಸಾಡದ ಪೈಕಿಯ ಮನುಷ್ಯ ಆಗಿದ್ದರೆ ಸಿಕ್ಕೀತು.

ನಮ್ಮ ತಂಗಿಯ ಮದುವೆಯದು ವಿಸಿಡಿ, ಮೂರು ಡಿಸ್ಕು. ಡಿವಿಡಿಗಿಂತಲೂ ಹಿಂದಿನ ಕಾಲದ್ದು, ಚಿತ್ರ 352 ಅಡ್ಡ, 288 ಉದ್ದ. ಎರಡನೇ ಡಿಸ್ಕು, ಅಂದರೆ ತಾಳಿ ಕಟ್ಟುವ ಭಾಗ, ಮೇಲಿನ ಬಣ್ಣದ ಪದರ ಸಿಪ್ಪೆಯಂತೆ ಎದ್ದು ಬಂತು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ನನ್ನ ಕಸುಬೇ ಇದು, ಆದರೂ ನಕಲು ಮಾಡಿಟ್ಟುಕೊಳ್ಳಲಿಲ್ಲ. ಅವಳು ಈಗಲೂ ಪಂಚಮಿಗೆ ಬಂದಾಗ ಒಂದು ಮಾತು ಆಡಿಯೇ ಆಡುತ್ತಾಳೆ. ನೀವು ಹೀಗೆ ಮಾಡಿಕೊಳ್ಳಬೇಡಿ. ಬರೆದ ಡಿವಿಡಿಯಲ್ಲಿ ಮಾಹಿತಿ ನಿಂತಿರುವುದು ಒಂದು ತೆಳು ಬಣ್ಣದ ಮೇಲೆ. ಬಿಸಿಲು, ಸೆಕೆ ಎರಡೂ ಅದಕ್ಕೆ ಆಗದು. ಕಂಪ್ಯೂಟರಿಗೆ ಹಾಕಿದರೆ ‘ವಿಡಿಯೊ ಟಿಎಸ್’ ಅನ್ನುವ ಫೋಲ್ಡರ್ ಕಾಣುತ್ತದೆ. ಅದನ್ನು ಪೂರಾ ಎತ್ತಿ ಹಾರ್ಡ್ ಡಿಸ್ಕಿಗೆ ಒಂದು, ಪೆನ್ ಡ್ರೈವಿಗೆ ಒಂದು ಹಾಕಿ. ಒಂದು ಡ್ರೈವಿನಲ್ಲಿ ಓದದಿದ್ದರೆ ಇನ್ನೊಂದರಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಓದಿದ್ದನ್ನು ಬಹಳ ಸಲ ನೋಡಿದ್ದೇನೆ.

ಹೊಸ 4ಕೆ ಪ್ಲೇಯರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದರ ಡಿಸ್ಕಿಗೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಅಂತ ಹೆಸರು, ಕಪ್ಪು ಡಬ್ಬಿ, 2016ರಲ್ಲಿ ಬಂತು. 100 ಜಿಬಿ ತನಕ ಹಿಡಿಸುತ್ತದೆ, ಚಿತ್ರ 3840 ಅಡ್ಡ, 2160 ಉದ್ದ, ರೀಜನ್ ಬೀಗ ಇಲ್ಲ. ಬ್ಲೂ-ರೇಯಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಾದರೆ ಇದರಲ್ಲಿ 1024. ಕತ್ತಲ ಆಕಾಶ, ದೀಪದ ಬೆಳಕು, ಇಂಥವು ಪಟ್ಟಿ ಪಟ್ಟಿಯಾಗದೆ ನಯವಾಗಿ ಕಾಣುತ್ತವೆ. ಚಿತ್ರದಲ್ಲಿ ಇದಕ್ಕಿಂತ ಮೇಲಿನದು ಮನೆಗೆ ಬರುವ ಹಾಗಿಲ್ಲ, ಒಪ್ಪುತ್ತೇನೆ. ಆದರೆ 9 ಅಡಿಯಿಂದ 43 ಇಂಚಿನಲ್ಲಿ 1080ನ್ನೇ ಪೂರಾ ನೋಡಲಾಗದ ಕಣ್ಣಿಗೆ 2160 ಕೊಟ್ಟು ಏನು ಮಾಡುವುದು? ಬಣ್ಣದ ಲಾಭವೂ ಎಚ್‌ಡಿಆರ್ (ಕಡುಗತ್ತಲು, ಕಡುಬೆಳಕು ಎರಡನ್ನೂ ಒಟ್ಟಿಗೆ ತೋರಿಸುವ ವಿಧಾನ) ಚೆನ್ನಾಗಿ ತೋರಿಸುವ, ಬೆಳಕು ಜಾಸ್ತಿ ಇರುವ ಟಿವಿಯಲ್ಲೇ ಸಿಗುವುದು. ಮೇಲಾಗಿ ಪ್ಲೇಯರ್ ಮಾಡುವವರೇ ಕಡಿಮೆಯಾಗುತ್ತಿದ್ದಾರೆ. ಓಪ್ಪೊ 2018ರಲ್ಲಿ ನಿಲ್ಲಿಸಿತು, ಎಲ್‌ಜಿ 2024ರಲ್ಲಿ. ಕನ್ನಡ ಸಿನಿಮಾಗಳಂತೂ ಬ್ಲೂ-ರೇಯಲ್ಲೇ ತೀರಾ ಕಡಿಮೆ ಬಂದವು, ಇನ್ನು ಇದರಲ್ಲಿ ಏನು ಹುಡುಕುತ್ತೀರಿ? ನಿಮ್ಮ ಜಾಗದಲ್ಲಿ ನಾನಿದ್ದರೆ ತಗೊಳ್ಳುವುದಿಲ್ಲ.

‘ಮೊಬೈಲಿನಲ್ಲೇ, ಟಿವಿ ಆ್ಯಪಿನಲ್ಲೇ ಎಲ್ಲ ಬರುತ್ತಲ್ಲ, ಡಿಸ್ಕು ಯಾಕೆ’ ಅಂತ ಮನೆಯಲ್ಲಿ ಯಾರಾದರೂ ಕೇಳುತ್ತಾರೆ. ಕೇಳಲಿ. ಫುಲ್ ಎಚ್‌ಡಿ ನೋಡಲು 5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 5 ಮೆಗಾಬಿಟ್ ಇಂಟರ್ನೆಟ್ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಸಾಕು, ನಿಜ. ಆದರೆ ಅದೇ 1080 ಗೆರೆಗೆ ಬ್ಲೂ-ರೇ 40ರವರೆಗೆ ಕೊಡಬಲ್ಲದು. ಮಳೆ, ಹೊಗೆ, ಜಾತ್ರೆಯ ಗದ್ದಲದ ದೃಶ್ಯ ಹಾಕಿ ಎರಡನ್ನೂ ನೋಡಿ. ನಮ್ಮ ಶರಣಬಸವೇಶ್ವರ ಅಪ್ಪನ ಜಾತ್ರೆಯಲ್ಲಿ ತೇರಿನ ಮೇಲೆ ಉತ್ತತ್ತಿ ಹಾರುವುದನ್ನು ಯಾರಾದರೂ ಆ ಮಟ್ಟದಲ್ಲಿ ಚಿತ್ರಿಸಿ ಬ್ಲೂ-ರೇಗೆ ಹಾಕಿದರೆ, ಒಂದೊಂದು ಉತ್ತತ್ತಿ ಎಣಿಸಬಹುದು.

ಡಿಸ್ಕುಗಳನ್ನು ಇಡುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ನಮ್ಮೂರಿನ ಬೇಸಿಗೆ ಗೊತ್ತಿರುವುದರಿಂದ ಹೇಳುತ್ತೇನೆ. ಪಡುವಣ ಗೋಡೆಯ ಕಪಾಟಿನಲ್ಲಿ ಬೇಡ, ಸಂಜೆ ಆ ಗೋಡೆ ಒಲೆಯಾಗಿರುತ್ತದೆ. ಪುಸ್ತಕದ ಹಾಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಎರೆಮಣ್ಣಿನ ಧೂಳು ಕೂತರೆ ಮೊದಲು ಊದುಬಲ್ಬಿನಿಂದ ಹಾರಿಸಿ, ಆಮೇಲೆ ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಿದರೆ ಗೀರು ಒಂದೇ ಸಾಲಿನುದ್ದಕ್ಕೂ ಬೀಳುತ್ತದೆ, ಪ್ಲೇಯರು ಅದನ್ನು ಸರಿಪಡಿಸಿಕೊಳ್ಳಲಾರದೆ ನಿಂತುಬಿಡುತ್ತದೆ. ಅಡ್ಡಗೀರನ್ನು ದಾಟಿಕೊಂಡು ಹೋಗುತ್ತದೆ.

ಟ್ರಾನ್ಸ್‌ಫಾರ್ಮರ್ ತರುವ ಮೊದಲು ಎರಡೂ ಪ್ಲೇಯರುಗಳ ಹಿಂಬದಿ ಚೀಟಿಯ ಫೋಟೊ ತೆಗೆದು ಕಳಿಸಿ. ಬ್ಲೂ-ರೇಯದು 100-240 ಇದ್ದರೆ ನಿಮಗೆ ಸಣ್ಣದೊಂದು ಸಾಕು, ಎಚ್‌ಡಿ ಡಿವಿಡಿಗೆ ಮಾತ್ರ. ಆ ಹಳೇ ಕ್ಯಾಸೆಟ್ಟು ಸಿಕ್ಕಿತೋ ಇಲ್ಲವೋ ಅನ್ನುವುದನ್ನೂ ಜೊತೆಗೇ ಬರೆಯಿರಿ. ಮಿನಿ ಡಿವಿ ಓಡಿಸುವ ಒಂದು ಕ್ಯಾಮೆರಾ ನನ್ನ ಹತ್ತಿರ ಇನ್ನೂ ಇದೆ, ಬೆಲ್ಟು ಸ್ವಲ್ಪ ಕಿರುಗುಟ್ಟುತ್ತದೆ ಅಷ್ಟೇ.